ಖಾಲಿ ಉಳಿದ ಎಡಗೈ

ಮರುದಿನ ನನ್ನ ನಿಶ್ಚಿತಾರ್ಥ. ಕೊಂಢವಾ ಬಡಾವಣೆಯ ನಮ್ಮ ಮನೆಯಲ್ಲಿ ಮೆಹಂದಿ ಹಾಕುತ್ತಿದ್ದ ಶಾಂತಕ್ಕ ನನ್ನ ಎಡ ಅಂಗೈ ನೋಡಿದವರೇ ಕೋನ್ ಕೆಳಗಿಟ್ಟರು.

"ಹೋದ ವರ್ಷ ನಿಮ್ಮಕ್ಕನ ಮದುವ್ಯಾಗ ಈ ಮಚ್ಚಿ ಸಾಸಿವಿಯಷ್ಟಿತ್ತು, ತಂಗಿ. ಹೂವಿನ ನಡುವಿನ ಚುಕ್ಕಿ ಮಾಡಿದ್ದೆ. ಈಗ ಹೂವಿನಷ್ಟ ಆಗೇದ. ಇದರ ಮ್ಯಾಲ ನಾ ಹಚ್ಚಂಗಿಲ್ಲ, ಮೊದಲ ಡಾಕ್ಟರಿಗೆ ತೋರಸು."

ಅಂಗೈ ಮಚ್ಚೆ ಅದೃಷ್ಟವೆಂದು ಬಂದವರಿಗೆಲ್ಲ ತೋರಿಸುತ್ತಿದ್ದ ಅವ್ವ ಸಿಡಿದಳು: "ನಿಶ್ಚಯಕ್ಕ ಒಂದು ಕೈ ಖಾಲಿ ಬಿಡೂದೇನ್ರಿ?"

ಶಾಂತಕ್ಕ ಜಗ್ಗಲಿಲ್ಲ. ಖಾಲಿ ಕೈಯಲ್ಲೇ ಉಂಗುರ ತೊಟ್ಟೆ, ಆ ವಾರವೇ ಆಸ್ಪತ್ರೆಗೆ ಹೋದೆ. ಬಯಾಪ್ಸಿ ವರದಿ ಬರುವವರೆಗೆ ಅವ್ವ ನನ್ನ ಕೈ ನೋಡಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ನನಗೆ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್. ಹರಡುವ ಮೊದಲೇ ಕತ್ತರಿಸಿ ತೆಗೆದರು.

ಅಂಗೈಯಲ್ಲೀಗ ಹೊಲಿಗೆಯ ಗುರುತಿದೆ. ಅವ್ವ ಯಾರ ಮಚ್ಚೆ ಕಂಡರೂ ಅದೃಷ್ಟ ಎನ್ನುವುದಿಲ್ಲ, "ಬೆಳಿಯಾಕತ್ತೇದೇನು?" ಎಂದು ಕೇಳುತ್ತಾಳೆ.