ಗೇರಿನ ಮೇಲಿನ ಕೈ

ಗೇರಿನ ಮೇಲೆ ಕೈ ಬಿಟ್ಟುಕೊಂಡು ಕಾರು ಓಡಿಸುವವರನ್ನು ಕಂಡರೆ ಸ್ಕೇಲು ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಗೇರು ಬದಲಾಯಿಸಿದ ಕೈ ತಕ್ಷಣ ಸ್ಟೇರಿಂಗಿಗೆ ಬರಬೇಕು, ಅಲ್ಲೇ ಬಿದ್ದುಕೊಂಡಿರಬಾರದು. ಕೈಯ ಭಾರಕ್ಕೆ ಗೇರ್‌ಬಾಕ್ಸಿನ ಒಳಗಿನ ಭಾಗಗಳು ಸವೆಯುತ್ತವೆ ಎಂಬುದು ಒಂದು ಕಾರಣ. ಒಂಟಿ ಕೈಯಲ್ಲಿ ಓಡಿಸುವವನ ಎದುರಿಗೆ ಮಗುವೋ ಮುದುಕರೋ ಅಡ್ಡ ಬಂದರೆ ಗತಿಯೇನು ಎಂಬುದು ಇನ್ನೊಂದು. ಇದನ್ನು ಅವರು ಕಲಿಯಲು ಬಂದವರಿಗೆ ಒಂದು ಸಲ ಬಾಯಲ್ಲಿ ಹೇಳುತ್ತಿದ್ದರು. ಎರಡನೇ ಸಲ ಮರದ ಸ್ಕೇಲು ಹೇಳುತ್ತಿತ್ತು. ಬ್ಯಾಂಕಿನ ಮ್ಯಾನೇಜರಾಗಲಿ, ನಿನ್ನೆ ಮೊನ್ನೆ ಮೀಸೆ ಬಂದ ಹುಡುಗನಾಗಲಿ, ಎಡಗೈ ಗೇರಿನ ಮೇಲೆ ಉಳಿಯಿತೋ, ಗೆಣ್ಣಿಗೆ ಟಪ್ ಅಂತ ಒಂದು ಬಿತ್ತು. ಆ ಊರಿನಲ್ಲಿ ಕಾರು ಓಡಿಸುವ ಅರ್ಧ ಜನರ ಗೆಣ್ಣಿಗೆ ಆ ಸ್ಕೇಲಿನ ಪರಿಚಯವಿತ್ತು.

ಡ್ರೈವಿಂಗ್ ಶಾಲೆ ಮೊದಲು ಅವರ ಗಂಡನದು. ಮೇಡಂ ಆಗ ಮುಂದಿನ ಕೋಣೆಯಲ್ಲಿ ಫೋನೆತ್ತಿ ಹೆಸರು ಬರೆದುಕೊಳ್ಳುತ್ತಿದ್ದರು, ಅಷ್ಟೆ. ಗಂಡನ ಕಣ್ಣಿನ ನರ ಸೋತು, ಎದುರಿಗೆ ನಿಂತವರ ಮುಖವೇ ಮಸುಕಾದಾಗ ಸಾರಿಗೆ ಕಚೇರಿಯವರು ಲೈಸೆನ್ಸು ಮತ್ತೆ ಕೊಡಲಿಲ್ಲ. ಬಾಗಿಲು ಮುಚ್ಚೋಣ ಎಂದು ಆತ ಬೋರ್ಡು ಬಿಚ್ಚಲು ಏಣಿ ಹತ್ತಿದರೆ, ಮೇಡಂ ಏಣಿಯ ಬುಡ ಹಿಡಿದುಕೊಂಡು, "ಇಳೀರಿ ಮೊದಲು. ಕಣ್ಣು ಕಾಣ್ದೆ ಬಿದ್ಗಿದ್ದೀರಿ. ನನಗೆ ಕಲಿಸಿ, ನಾನು ಕೂತ್ಕೋತೀನಿ," ಎಂದರು. ಆತ ಕಲಿಸಿದರು. ಊರು ನಕ್ಕಿತು. ಸೌಟು ಹಿಡಿಯುವ ಕೈಯಲ್ಲಿ ಸ್ಟೇರಿಂಗಾ ಎಂದ ಮಹಾನುಭಾವರೂ ಇದ್ದರು. ಅಂಥವರ ಮಕ್ಕಳೇ ಆಮೇಲೆ ಬಂದು ಸ್ಕೇಲಿನ ಏಟು ತಿಂದು ಕಲಿತು ಹೋದರು. ಮೇಡಂ ಹೇಳಿದರೆ ಮುಗಿಯಿತು ಎಂಬ ಮಾತು ಊರಿನಲ್ಲಿ ಹುಟ್ಟಿದ್ದು ಹಾಗೆ. ಅದೊಂದೇ ಅವರ ಆಸ್ತಿ. ಬಾಡಿಗೆ ಮನೆ, ಹಳೇ ಕಾರು, ಎದುರಿನವರ ಮುಖ ಕಾಣದ ಗಂಡ ಮತ್ತು ಆ ಮಾತು.

ಹಳೇ ಕಾರು ಉಸಿರು ಬಿಟ್ಟಾಗ ಹೊಸದು ತರಬೇಕಾಯಿತು. ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದವನು ಅವರ ಹಳೇ ಶಿಷ್ಯನೇ. ಕಂಡೊಡನೆ ಎದ್ದು ನಿಂತ. "ಮೇಡಂ, ಡ್ರೈವಿಂಗ್ ಶಾಲೆಯ ಕಾರಿಗೂ ಪೂರ್ತಿ ವಾರಂಟಿ ಇದೆ. ಇಂಜಿನ್, ಗೇರ್‌ಬಾಕ್ಸ್ ಎಲ್ಲ. ಕಣ್ಣು ಮುಚ್ಕೊಂಡು ತಗೊಳ್ಳಿ."

ಮನೆಗೆ ಬಂದು ಹೇಳಿದರೆ ಗಂಡ, "ಕಣ್ಣು ಮುಚ್ಕೊಂಡು ತಗೋಳೋದಾದ್ರೆ ನನ್ನನ್ನೇ ಕಳಿಸ್ಬಹುದಿತ್ತಲ್ಲೇ," ಎಂದರು. ಇಬ್ಬರೂ ನಕ್ಕರು. ಆ ನಗೆಯೇ ಕೊನೆ ಎಂದು ಯಾರಿಗೆ ಗೊತ್ತಿತ್ತು.

ಮೇಡಂ ತಗೊಂಡರು ಎಂದ ಮೇಲೆ ಅದೇ ಕಾರನ್ನು ಇನ್ನೂ ಕೆಲವರು ತಗೊಂಡರು. ಅವರಲ್ಲಿ ಒಬ್ಬಳು ಹೆರಿಗೆ ಆಸ್ಪತ್ರೆಯ ನರ್ಸು. ಅಪ್ಪ ಅಮ್ಮ ಇಲ್ಲದೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದು, ದುಡಿದು, ತಂಗಿಯನ್ನು ದಡ ಸೇರಿಸಿ, ತನಗೆಂದು ಮೊದಲ ಸಲ ಏನಾದರೂ ಕೊಂಡವಳು. ಮೇಡಂ ಹತ್ತಿರ ಕಲಿತವರಲ್ಲಿ ಸ್ಕೇಲಿನ ಏಟು ಒಂದೇ ಒಂದು ಸಲ ತಿಂದವಳೆಂದರೆ ಅವಳು. ಎರಡನೇ ಸಲ ಕೈ ಅಲ್ಲಿ ಉಳಿಯಲೇ ಇಲ್ಲ.

ವರ್ಷ ತುಂಬುವ ಮೊದಲೇ ಮೇಡಂ ಕಾರಿನ ಎರಡನೇ ಗೇರು ತಾನಾಗಿಯೇ ಕಳಚಿಕೊಳ್ಳತೊಡಗಿತು. ಸೇತುವೆ ಏರುವಾಗ ಗೊರ್ ಎಂದು ಸದ್ದು ಮಾಡಿ, ಗೇರು ಈಚೆ ಬಿದ್ದು, ಕಾರು ಹಿಂದಕ್ಕೆ ಜಾರಿ, ಹಿಂದಿನ ಲಾರಿಯವನು ಮೇಡಂ ವಂಶವನ್ನೆಲ್ಲ ಬೈದು ಹೋದ. ಅದೇ ತಿಂಗಳು ನರ್ಸಿನ ಕಾರಿಗೂ ಅದೇ ರೋಗ. ಮೇಡಂ ಕಾರನ್ನು ಶೋರೂಮಿನಲ್ಲಿ ಬಿಟ್ಟರು. ಅವರು ಅದನ್ನು ಬಿಚ್ಚಿ ಹರಡಿ, ಫೋಟೋ ತೆಗೆದು, ಎಲ್ಲಿಗೋ ಕಳಿಸಿ, ಕೊನೆಗೆ ಕರೆದರು. ಗಾಜಿನ ಗೋಡೆ, ಕಾಫಿ ಮೆಷಿನ್ನು, ಧೂಳು ಹಿಡಿದ ಪ್ಲಾಸ್ಟಿಕ್ ಹೂವು. ಟೈಯವನು ಕಂಪ್ಯೂಟರ್ ನೋಡಿಕೊಂಡೇ ಓದಿದ.

"ಗೇರ್ ಲಿವರ್ ಮೇಲೆ ಕೈಯಿಟ್ಟು ಓಡಿಸುವ ತಪ್ಪು ಅಭ್ಯಾಸದಿಂದ ಆಗಿರೋ ಸವೆತ. ವಾರಂಟಿಗೆ ಬರಲ್ಲ ಮೇಡಂ."

ಮೇಡಂಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿ ಕೆಂಪಾಯಿತು. "ಯಾರಿಗೆ ಹೇಳ್ತಿದ್ದೀಯೋ ಇದನ್ನ? ನನ್ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳು."

"ಕಲಿಯೋಕೆ ಬಂದೋರು ಯಾರಾದ್ರೂ ಇಟ್ಟಿರ್ಬಹುದು ಮೇಡಂ..."

"ನಾನು ಪಕ್ಕದಲ್ಲಿ ಕೂತಿರೋವಾಗ? ನೀನು ಎಷ್ಟು ಹೊತ್ತು ಇಟ್ಟಿದ್ದೆ ಹೇಳು ನೋಡೋಣ!"

ಅವನು ಗೆಣ್ಣು ಸವರಿಕೊಂಡ. ಸುತ್ತ ನೋಡಿ ದನಿ ತಗ್ಗಿಸಿದ. "ನನಗೆ ಗೊತ್ತಿಲ್ವಾ ಮೇಡಂ? ಆದ್ರೆ ಕಾರಣ ಅಂತ ಕಂಪ್ಯೂಟರಲ್ಲಿ ನಾಕೇ ಕೊಟ್ಟಿದ್ದಾರೆ. ನಾಕೂ ಓಡಿಸೋರ ತಪ್ಪೇ. ಕಂಪನಿ ತಪ್ಪು ಅಂತ ಒತ್ತೋಕೆ ಅದ್ರಲ್ಲಿ ಜಾಗಾನೇ ಇಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಕಂಪನಿಯದು, ಬೆನ್ನು ಮೇಡಂದು. ಅದೇ ಬರೆಯನ್ನು ನರ್ಸಿಗೂ ಹಾಕಿದರು, ಅದೇ ಕಾರು ಕೊಂಡು ಅದೇ ರೋಗ ಕಂಡ ಮಿಕ್ಕವರಿಗೂ ಹಾಕಿದರು. ಎಲ್ಲರಿಗೂ ಅದೇ ವಾಕ್ಯ, ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ.

ನರ್ಸು ಸುಮ್ಮನಿರುವವಳಲ್ಲ. ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಎಲ್ಲರನ್ನೂ ಒಂದುಗೂಡಿಸಿ, ಗ್ರಾಹಕರ ನ್ಯಾಯಾಲಯಕ್ಕೆ ಹೋಗುವುದೆಂದು ತೀರ್ಮಾನ ಮಾಡಿಸಿದಳು. ಆಮೇಲೆ ಮೇಡಂ ಮನೆಗೆ ಬಂದು ನೆಲದ ಮೇಲೇ ಕೂತಳು. "ನಾವು ಏನು ಹೇಳಿದ್ರೂ ಕುಣೀಲಾರದೋಳು ನೆಲ ಡೊಂಕು ಅಂದ್ಲು ಅಂತಾರೆ ಮೇಡಂ. ನೀವು ಹೇಳಿದ್ರೆ ಹಂಗನ್ನೋಕೆ ಯಾರಿಗೂ ಬಾಯಿ ಬರಲ್ಲ. ನೀವೊಬ್ರು ಬಂದು ನಿಂತ್ರೆ ಸಾಕು."

"ಬರ್ತೀನಿ ಕಣಮ್ಮ. ಬರದೆ ಇನ್ನೇನು? ನಂದೇ ಮಾನ ಹೋಗಿರೋದು," ಎಂದರು ಮೇಡಂ. ಮನಸ್ಸಿನಿಂದಲೇ ಹೇಳಿದರು. ಅದರಲ್ಲಿ ಸುಳ್ಳಿರಲಿಲ್ಲ.

ಆದರೆ ಮಾತು ಕೊಟ್ಟ ಮೇಲೂ ಹೊಟ್ಟೆ ಹಸಿಯುತ್ತದೆ. ಕಾರಿಲ್ಲದ ಡ್ರೈವಿಂಗ್ ಶಾಲೆಗೆ ಯಾರು ಬರುತ್ತಾರೆ? ಕಲಿಯುತ್ತಿದ್ದವರು ಒಬ್ಬೊಬ್ಬರಾಗಿ ಪೇಟೆಯ ಆಚೆ ಬದಿಯ ಶಾಲೆಗೆ ಸೇರಿಕೊಂಡರು. ಅಲ್ಲಿ ಕಲಿಸುವವನು ಪಕ್ಕದಲ್ಲಿ ಕೂತು ಫೋನು ನೋಡುತ್ತಿರುತ್ತಾನೆ, ಕೈ ಎಲ್ಲಿಟ್ಟರೂ ಕೇಳುವವರಿಲ್ಲ. ಅಷ್ಟರಲ್ಲಿ ಸಾರಿಗೆ ಕಚೇರಿಯಿಂದ ಹೇಳಿಕಳಿಸಿದರು: ಶಾಲೆಯ ಪರವಾನಗಿ ಮುಗಿಯುತ್ತಿದೆ, ಮುಂದುವರಿಸಬೇಕಾದರೆ ಓಡುವ ಕಾರನ್ನು ತಂದು ತೋರಿಸಬೇಕು. ತೋರಿಸದಿದ್ದರೆ ರದ್ದು.

ಇಂಥ ಸುದ್ದಿ ಶೋರೂಮಿಗೆ ಹೇಗೆ ಮುಟ್ಟುತ್ತದೋ, ಮುಟ್ಟಿತು. ಟೈಯವನು ಮನೆಗೇ ಬಂದ. ಚಪ್ಪಲಿ ಬಿಟ್ಟು, ಗಂಡನ ಕಾಲು ಮುಟ್ಟಿ, ಕುರ್ಚಿಯ ತುದಿಯಲ್ಲಿ ಕೂತ.

"ಕಂಪನಿ ನಿಮ್ಮ ಮೇಲಿನ ಗೌರವಕ್ಕೆ ಹೊಸ ಗೇರ್‌ಬಾಕ್ಸ್ ಪುಕ್ಕಟೆ ಹಾಕ್ಕೊಡುತ್ತಂತೆ ಮೇಡಂ. ಈ ವಾರಾನೇ. ಒಂದು ಸೈನ್ ಬೇಕು, ಅಷ್ಟೇ."

"ಏನಂತ ಸೈನ್?"

ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೇನೋ ಮಾತಾಡಿದ. ಮೇಡಂ ಕಾಗದ ಕಿತ್ತುಕೊಂಡು ತಾವೇ ಓದಿದರು. ಗೇರಿನ ಮೇಲೆ ಕೈಯಿಟ್ಟು ಓಡಿಸಿದ್ದು ನಮ್ಮಿಂದಾದ ತಪ್ಪು, ಕಾರಿನಲ್ಲಿ ದೋಷವಿಲ್ಲ ಎಂದಿತ್ತು.

"ಎದ್ದೇಳೋ ಮೇಲೆ," ಎಂದರು.

"ಮೇಡಂ, ಇದು ಫೈಲಲ್ಲೇ ಬಿದ್ದಿರುತ್ತೆ. ಒಂದು ಹುಳಾನೂ ಓದಲ್ಲ."

"ಎದ್ದೇಳು ಅಂದೆ."

ಅವನು ಎದ್ದು ಹೋದ. ಕಾಗದವನ್ನು ಮಾತ್ರ ಕುರ್ಚಿಯ ಮೇಲೆ ಬಿಟ್ಟು ಹೋದ, ಬಡ್ಡೀಮಗ.

ಗಂಡ ಬಾಗಿಲ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಕೇಸು ನೀವು ಗೆಲ್ತೀರಿ. ನಾನಿಲ್ಲ ಅನ್ನಲ್ಲ. ಗೆದ್ದು ಬರೋ ಹೊತ್ತಿಗೆ ಶಾಲೆ ಇರುತ್ತೇನೇ?"

"ಹಂಗಂತ ಇದಕ್ಕೆ ಸೈನ್ ಹಾಕ್ಲಾ? ಇದಕ್ಕೆ?"

"ನಾನು ಸೀಟು ಬಿಟ್ಟಾಗ ನೀನು ಬಂದು ಕೂತೆ. ನೀನು ಬಿಟ್ರೆ ಯಾರು ಕೂರ್ತಾರೆ? ಹೇಳು. ನಾನು ಕೂರ್ಲಾ?"

ಮೇಡಂ ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದರು, ಗಂಡನನ್ನು ಬೈದರು, ಕಂಪನಿಯನ್ನು ಬೈದರು, ಹಾಳು ಕಾರನ್ನು ಬೈದರು. ಬೈದು ಬೈದು ಬಾಯಿ ಒಣಗಿದಾಗ ಈಚೆ ಬಂದು ಕುರ್ಚಿಯ ಮೇಲಿನ ಕಾಗದ ಎತ್ತಿಕೊಂಡರು. ನ್ಯಾಯಾಲಯದಲ್ಲಿ ನಿಂತು ನಿಜ ಹೇಳುವುದಕ್ಕೆ ಈ ಕಾಗದ ಅಡ್ಡ ಬರುವುದಿಲ್ಲ, ಫೈಲಿನಲ್ಲಿ ಬಿದ್ದಿರುವ ಕಾಗದ ತಾನೇ ಎಂದು ತಮಗೆ ತಾವೇ ಮೂಗಿಗೆ ತುಪ್ಪ ಸವರಿಕೊಂಡರು. ಸೈನ್ ಹಾಕಿದರು. ನರ್ಸಿಗೆ ಹೇಳಲಿಲ್ಲ. ಹೇಳಬೇಕು ಹೇಳಬೇಕು ಎನ್ನುತ್ತಲೇ ದಿನ ತಳ್ಳಿದರು.

ಹೊಸ ಗೇರ್‌ಬಾಕ್ಸ್ ಬಂತು. ಕಾರು ಬೆಣ್ಣೆಯ ಹಾಗೆ ಓಡಿತು. ಪರವಾನಗಿ ಸಿಕ್ಕಿತು. ಬಿಟ್ಟು ಹೋದವರಲ್ಲಿ ಕೆಲವರು ಹಿಂದಿರುಗಿದರು. ನರ್ಸು ಮಾತ್ರ ಫೋನು ಮಾಡಲಿಲ್ಲ. ಡ್ಯೂಟಿ ಜಾಸ್ತಿಯಿರಬೇಕು ಎಂದುಕೊಂಡರು ಮೇಡಂ, ಆದರೆ ಅದನ್ನು ತಾವೇ ನಂಬಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಬಾಗಿಲು ತೆರೆದರೆ ಅವಳೇ ನಿಂತಿದ್ದಳು. ಉಗಿಯಲಿ, ಉಗಿಸಿಕೊಳ್ಳೋಣ, ಅಲ್ಲಿಗೆ ಮುಗಿಯುತ್ತದೆ ಎಂದು ಮೇಡಂ ಮುಖ ಒಡ್ಡಿಕೊಂಡು ನಿಂತರು. ಅವಳು ಉಗಿಯಲಿಲ್ಲ. ತಲೆ ತಗ್ಗಿಸಿದಳು.

"ಮೇಡಂ, ನನಗೆ ಮತ್ತೆ ಮೊದಲಿಂದ ಕಲಿಸ್ತೀರಾ?"

"ಏನಮ್ಮ ಹಂಗಂದ್ರೆ?"

"ಶೋರೂಮಲ್ಲಿ ನಿಮ್ಮ ಸೈನ್ ತೋರಿಸಿದ್ರು. ಗೋಡೆಗೆ ಅಂಟಿಸೋದೊಂದು ಬಾಕಿ ಅಷ್ಟೇ, ಹೋದೋರಿಗೆಲ್ಲ ತೋರಿಸ್ತಾರೆ. ಕಲಿಸೋ ಮೇಡಮ್ಮೇ ಒಪ್ಕೊಂಡ ಮೇಲೆ ನಾನ್ಯಾವ ಗಿಡದ ತೊಪ್ಪಲು ಮೇಡಂ? ಅಷ್ಟು ಜನರ ಮುಂದೆ ನನ್ನ ಕೈ ಸರಿ ಇದೆ ಅಂತ ಜಗಳ ಆಡಿದ್ನಲ್ಲ, ನಾಚ್ಕೆ ಆಗೋಯ್ತು. ನನಗೇ ಗೊತ್ತಾಗ್ದೆ ಇಟ್ಟಿರ್ತೀನಿ."

ಆಗಲೇ ಹೇಳಿಬಿಡಬೇಕಿತ್ತು. "ಬಾ," ಎಂದು ಕೀಲಿ ಕೊಟ್ಟರು.

ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಅವಳು ಓಡಿಸಿದಳು. ಒಂದು, ಎರಡು, ಮೂರು. ಪ್ರತಿ ಸಲವೂ ಗೇರು ಬದಲಾಯಿಸಿದ ಕೈ ಹಕ್ಕಿಯ ಹಾಗೆ ಸ್ಟೇರಿಂಗಿಗೆ ಹಿಂದಿರುಗುತ್ತಿತ್ತು. ತಿರುವಿನಲ್ಲಿ, ಉಬ್ಬಿನಲ್ಲಿ, ಎದುರಿಗೆ ಸೈಕಲ್ ಬಂದಾಗ. ಇಷ್ಟು ಚೆನ್ನಾಗಿ ಓಡಿಸುವವರನ್ನು ಮೇಡಂ ತಮ್ಮ ಜನ್ಮದಲ್ಲಿ ನೋಡಿರಲಿಲ್ಲ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಎಲ್ಲಿ ತಪ್ಪು ಮಾಡ್ತಿದೀನಿ ಮೇಡಂ? ಯಾಕೆ ಏನೂ ಹೇಳ್ತಿಲ್ಲ?"

"ಎಲ್ಲೂ ಇಲ್ಲ ಕಣಮ್ಮ."

"ಸಮಾಧಾನಕ್ಕೆ ಹೇಳ್ಬೇಡಿ."

"ನಿನ್ನ ಕೈ ಸರಿಯಾಗೇ ಇದೆ. ಆಗ್ಲೂ ಸರಿಯಾಗೇ ಇತ್ತು. ಗೇರಿನ ಮೇಲೆ ನಾನೂ ಕೈ ಇಟ್ಟಿರಲಿಲ್ಲ, ನನ್ನ ಹತ್ರ ಕಲಿತೋರೂ ಇಟ್ಟಿರಲಿಲ್ಲ. ಆ ಕಾರೇ ಕೆಟ್ಟದ್ದು. ಶಾಲೆ ಮುಚ್ಚಿ ಹೋಗ್ತಿತ್ತು, ಸೈನ್ ಹಾಕ್ಬಿಟ್ಟೆ." ಮೇಡಂ ಅವಳ ಕಡೆ ತಿರುಗಿ ಕೂತರು. "ನಾಳೆನೇ ಹೋಗೋಣ ನ್ಯಾಯಾಲಯಕ್ಕೆ. ನಾನು ಬಂದು ನಿಂತು ಹೇಳ್ತೀನಿ. ಮಿಕ್ಕವರ್ನೂ ಕರಿ."

ನರ್ಸು ಕಾರನ್ನು ನಿಧಾನ ಮಾಡಿ ಪಕ್ಕಕ್ಕೆ ತಂದು ನಿಲ್ಲಿಸಿದಳು. ಎರಡು ಕೈಯೂ ಸ್ಟೇರಿಂಗಿನ ಮೇಲೇ ಇದ್ದವು.

"ಅವ್ರು ಯಾರೂ ಬರಲ್ಲ ಮೇಡಂ. ಎಲ್ರೂ ಶೋರೂಮಿಗೆ ಹೋಗಿ ತಪ್ಪು ನಮ್ದೇ ಅಂತ ಬರ್ಕೊಟ್ಟು ಬಂದ್ರು. ನಾನೂ ಕೊಟ್ಟೆ. ನಿಮಗೆ ಕೊಟ್ಟ ಹಾಗೆ ನಮಗೇನೂ ಕೊಡ್ಲಿಲ್ಲ, ಸುಮ್ನೆ ಬರಸ್ಕೊಂಡ್ರು. ಮಿಕ್ಕೋರು ಮೊದ್ಲು ಒಪ್ಲಿಲ್ಲ, ನಿಮ್ಮ ಸೈನ್ ಸುಳ್ಳಿರ್ಬೇಕು ಅಂದ್ರು. ನಾನೇ ಒಬ್ಬೊಬ್ರ ಮನೆಗೂ ಹೋಗಿ ಕೈ ಮುಗಿದು ಒಪ್ಪಿಸ್ದೆ. ಮೇಡಂ ಸುಳ್ಳು ಹೇಳೋರಲ್ಲ, ಸತ್ರೂ ಹೇಳಲ್ಲ ಅಂದೆ."

ಬಾಗಿಲು ತೆಗೆದು ಇಳಿದಳು. ತನ್ನ ಚೀಲ ತಗೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಮೇಡಂ ಕೂಗಿದರು. ಅವಳು ತಿರುಗಿ ನೋಡಲಿಲ್ಲ.