ರಕ್ತದಲ್ಲಿ ಇರದ ಬೂಷ್ಟು

"ಮನೇಲಿ ಪಾರಿವಾಳ ಸಾಕಿದ್ದೀರಾ?" ಎಂದು ಡಾಕ್ಟರು ಕೇಳಿದಾಗ ಹೌದು ಎಂದೆ. ಮುಚ್ಚಿಡುವುದೇನೂ ಇರಲಿಲ್ಲ. ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನನ್ನ ಗಂಡ ಹಲಗೆಯ ಗೂಡು ಮಾಡಿ ಪಾರಿವಾಳ ಸಾಕಿದ್ದರು. ಪೀಣ್ಯದಲ್ಲಿ ಲೇತ್ ಕೆಲಸ ಮುಗಿಸಿ ಬಂದವರು ಕಾಫಿಗೆ ಮೊದಲು ಅವಕ್ಕೆ ಜೋಳ ಹಾಕುತ್ತಿದ್ದರು. "ಗುರು, ನಿನ್ ಹೆಂಡ್ತಿಗಿಂತ ಅವನ್ನೇ ಜಾಸ್ತಿ ಮುದ್ದು ಮಾಡ್ತೀಯಲ್ಲೋ" ಎಂದು ಪಕ್ಕದ ಮನೆಯವರು ರೇಗಿಸಿದರೆ, "ಅವು ಎದುರು ಮಾತಾಡಲ್ಲ ಕಣೋ" ಎನ್ನುತ್ತಿದ್ದರು.

ವಾರಗಟ್ಟಲೆ ಇಳಿಯದ ಜ್ವರ, ತಲೆನೋವು ಎಂದು ಅವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ರಕ್ತದಲ್ಲಿ ಫಂಗಸ್ ಇದೆಯೆಂದು ಪರೀಕ್ಷೆಯಲ್ಲಿ ಬಂದಿದೆ, ಅದು ಪಾರಿವಾಳದ ಹಿಕ್ಕೆಯಿಂದ ತಗಲುತ್ತದೆ, ಮಿದುಳಿಗೆ ಹೋದರೆ ಕಷ್ಟ ಎಂದರು ಡಾಕ್ಟರು. ಫಂಗಸ್ ಅಂದರೇನು ಎಂದು ಕೇಳಿದೆ.

"ಬೂಷ್ಟು ಕಣಮ್ಮ. ಬ್ರೆಡ್ ಮೇಲೆ ಬರಲ್ವಾ, ಆ ಥರದ್ದು."

ಬೂಷ್ಟು ಹಿಡಿದದ್ದನ್ನು ನಾವು ಎಸೆಯುತ್ತೇವೆ. ಅದು ಮನುಷ್ಯನ ರಕ್ತಕ್ಕೂ ಹಿಡಿಯುತ್ತದೆಂದು ನಾನು ಕೇಳಿಯೇ ಇರಲಿಲ್ಲ.

ಅಂದಿನಿಂದ ಕಪ್ಪು ಕಾಗದ ಸುತ್ತಿದ ಬಾಟಲಿಯಿಂದ ಔಷಧಿ ಇಳಿಸಿದರು. ಅದು ಒಳಗೆ ಹೋದರೆ ಮಂಚ ಅಲುಗುವಷ್ಟು ನಡುಕ ಬರುತ್ತಿತ್ತು. ನನ್ನ ಗಂಡ ಹಲ್ಲು ಕಚ್ಚಿಕೊಂಡೇ, "ಅವನ್ನ ಯಾರಿಗಾದ್ರೂ ಕೊಟ್ಬಿಡು ಕಣೇ, ನಿಂಗೂ ಅಂಟೀತು" ಎಂದರು. ಮಾರತ್ತಹಳ್ಳಿಯ ಕಡೆಯವರೊಬ್ಬರು ಬಂದು ಬುಟ್ಟಿಯಲ್ಲಿ ಒಯ್ದರು. ಮರುದಿನವೇ ಮೂರು ಹಕ್ಕಿ ಹಾರಿಬಂದು ತಾರಸಿಯ ಮೇಲೆ ಕೂತಿದ್ದವು. ಕೆಳಗಿನ ಮನೆಯ ಓನರಮ್ಮ ಮಕ್ಕಳನ್ನು ಒಳಗೆ ಎಳೆದುಕೊಂಡು, "ಮಾರಿಗಳು ಮತ್ತೆ ಬಂದ್ವಲ್ಲಮ್ಮಾ!" ಎಂದು ಕೂಗಿದರು. ನಮ್ಮತ್ತೆ ಅವನ್ನು ಹಿಡಿದು ಬುಟ್ಟಿಯಡಿ ಮುಚ್ಚಿಟ್ಟರು. ಮಧ್ಯಾಹ್ನ ನೋಡಿದಾಗ ಬುಟ್ಟಿಯಡಿ ಏನೂ ಇರಲಿಲ್ಲ. ಅತ್ತೆ ಬಚ್ಚಲಲ್ಲಿ ಕೈ ತಿಕ್ಕಿ ತೊಳೆಯುತ್ತಿದ್ದರು.

ಆಮೇಲೆ ದೊಡ್ಡ ಡಾಕ್ಟರೊಬ್ಬರು ಬಂದರು. ನನ್ನ ಗಂಡನ ಬೆರಳ ಗಿಣ್ಣುಗಳನ್ನು ಒತ್ತಿ ನೋಡಿ, ಈ ಬಾವು ಎಂದಿನಿಂದ ಎಂದು ಕೇಳಿದರು. ಅದು ವರ್ಷಗಳ ಕೀಲುವಾತ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದದಿದ್ದರೆ ಅವರಿಗೆ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಡಾಕ್ಟರು ಮತ್ತೆ ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ನಮ್ಮನ್ನು ಕರೆದು, "ಮೊದಲನೇ ರಿಪೋರ್ಟ್ ತಪ್ಪು. ಕೀಲುವಾತ ಇರೋರ ರಕ್ತ ಕೆಲವು ಸಲ ಈ ಪರೀಕ್ಷೇಲಿ ಗಂಟುಕಟ್ಟಿ, ಫಂಗಸ್ ಇರೋ ಹಾಗೇ ತೋರಿಸುತ್ತೆ. ಫಂಗಸ್ ಇಲ್ಲ" ಎಂದರು.

ನಮ್ಮತ್ತೆ ಅಲ್ಲೇ ಕೈಮುಗಿದರು. "ಕಾಯಿಲೆ ಇಲ್ವಂತೆ! ನನ್ ಮಗನ್ನ ಮನೆಗೆ ಕರ್ಕೊಂಡೋಗಣ ನಡಿಯೇ."

"ಆ ಕಾಯಿಲೆ ಇಲ್ಲ ಅಂದೆ ಅಜ್ಜಿ. ಕಾಯಿಲೆಯೇ ಇಲ್ಲ ಅನ್ನಲಿಲ್ಲ."

ಅತ್ತೆಯ ಕೈ ಮುಗಿದ ಹಾಗೇ ಉಳಿಯಿತು. ನನಗೆ ಮೊದಲ ದಿನಕ್ಕಿಂತ ಹೆಚ್ಚು ಭಯವಾಯಿತು. ಬೂಷ್ಟಿಗೆ ಒಂದು ಹೆಸರಿತ್ತು, ಒಂದು ಬಾಟಲಿ ಇತ್ತು. ಈಗ ಆ ಬಾಟಲಿ ತೆಗೆದುಬಿಟ್ಟರು. ಜ್ವರ ಮಾತ್ರ ಹಾಗೇ ಇತ್ತು.

ವಾರ್ಡಿಗೆ ಹೋಗಿ ಗಂಡನಿಗೆ ಹೇಳಿದೆ. "ರೀ, ಪಾರಿವಾಳದ್ದಲ್ವಂತೆ."

"ಅಲ್ವಾ?" ಕಣ್ಣು ತುಂಬಿಕೊಂಡರು. "ನಂಗೊತ್ತಿತ್ತು ಕಣೇ." ಆಮೇಲೆ ನನ್ನ ಮುಖವನ್ನೇ ನೋಡಿದರು. "ಹಂಗಾದ್ರೆ ನಂಗೇನಾಗಿದೆ?"

ನಾನು ಹಿಂದೆಯೇ ಬಂದಿದ್ದ ಡಾಕ್ಟರ ಕಡೆ ತಿರುಗಿದೆ. ಅವರು ಚೀಟಿ ನೋಡುತ್ತ, "ಹುಡುಕ್ತಾ ಇದೀವಿ" ಎಂದರು.

ಅವರು ಹುಡುಕುತ್ತಿರುವಾಗಲೇ ನನ್ನ ಗಂಡ ಹೋಗಿಬಿಟ್ಟರು. ಮಾತಾಡಿಸಲು ಬಂದವರೆಲ್ಲ ಏನಾಗಿತ್ತು ಎಂದು ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಯಾರಾದರೂ "ಪಾರಿವಾಳ" ಎನ್ನುತ್ತಿದ್ದರು. ಅಲ್ಲ, ಅದಲ್ಲ ಎಂದು ಪ್ರತಿ ಸಲವೂ ಹೇಳಿದೆ. ಮತ್ತೇನು ಎಂದು ಅವರು ಕೇಳಿದಾಗ, "ಡಾಕ್ಟ್ರು ಹುಡುಕ್ತಾ ಇದ್ರು" ಎನ್ನುತ್ತಿದ್ದೆ. ಈಗಲೂ ಅಷ್ಟೇ ಹೇಳುತ್ತೇನೆ.