ಹುಲ್ಲಿನ ಮಿಷನ್ನಿನ ಮಲಕವ್ವ

ಬೆಂಗಳೂರಿನ ಹೂಡಿಯ ಒಂದು ಟೆಕ್ ಪಾರ್ಕಿನಲ್ಲಿ ನಾನು ಆಗ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಹುಲ್ಲುಹಾಸನ್ನು ಬಂದವರೆಲ್ಲ ಹೊಗಳುತ್ತಿದ್ದರು. ಅದನ್ನು ಕತ್ತರಿಸುವ ಮಿಷನ್ನಿನ ಹೊಟ್ಟೆಯಲ್ಲಿ ಬ್ಲೇಡು ಅಂತ ಒಂದಿದೆ, ಅದಕ್ಕೆ ಆಗಾಗ ಹರಿತ ಬೇಕು ಅನ್ನುವುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ, ಮಲಕವ್ವ ಇದ್ದಳಲ್ಲ.

ಬಾಗಲಕೋಟೆ ಕಡೆಯ ಹೆಂಗಸು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಅವನು ಜಾಂಡೀಸಿನಲ್ಲಿ ತೀರಿಕೊಂಡ ಮೇಲೆ ನಮ್ಮಲ್ಲಿ ಕಳೆ ಕೀಳಲು ಸೇರಿದಳು. ಮಿಷನ್ ಓಡಿಸುವ ಕೊಟ್ರಪ್ಪನಿಗೆ ಅರ ಹಿಡಿದು ಕೂರುವ ತಾಳ್ಮೆ ಇರಲಿಲ್ಲ. ಬೈದುಕೊಳ್ಳುತ್ತಾ ಬ್ಲೇಡು ಉಜ್ಜುತ್ತಿದ್ದವನ ಕೈಯಿಂದ ಒಂದು ದಿನ ಇವಳೇ ಅರ ಕಿತ್ತುಕೊಂಡಳಂತೆ. ಅಲ್ಲಿಂದ ಆ ಕೆಲಸ ಇವಳದಾಯಿತು. ಎರಡು ತುದಿಗೂ ಅರ ಹಾಕಿ, ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸುವಳು. ಯಾವ ತುದಿ ವಾಲಿತೋ ಅದು ಭಾರ, ಅಲ್ಲಿ ಇನ್ನಷ್ಟು ಉಜ್ಜಬೇಕು. ಇಲ್ಲದಿದ್ದರೆ ಮಿಷನ್ ಗಡಗಡ ನಡುಗುತ್ತದೆ. ತೂಕ ಸರಿಹೋಗುವ ತನಕ ಮಾತಾಡಿಸಿದವರಿಗೆ ಬೈಗುಳವೇ ಗತಿ, ನನಗೂ ಬೈದಿದ್ದಾಳೆ. ಕಳೆ ಕೀಳುವವರು ಇನ್ನೂ ಹತ್ತು ಜನ ಇದ್ದರು. ಬ್ಲೇಡಿಗೆ ಇವಳೊಬ್ಬಳೇ, ಆ ಜಂಬ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಆ ವರ್ಷ ಆಯುಧಪೂಜೆಗೆ ಬ್ಲೇಡನ್ನು ಕಳಚಿ ತೊಳೆದು ಮಣೆಯ ಮೇಲಿಟ್ಟೆವು. ಕೊಟ್ರಪ್ಪ ಕುಂಕುಮದ ಬಟ್ಟಲನ್ನು ಮಲಕವ್ವನ ಮುಂದೆ ಹಿಡಿದ. ಗಂಡ ಹೋದ ಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ಒಲ್ಲೆ ಅಂದಳು. ವರ್ಷವಿಡೀ ಉಜ್ಜುವವಳು ನೀನು, ಪೂಜೆ ಮಾತ್ರ ಬೇರೆಯವರು ಮಾಡಬೇಕೇ ಅಂತ ಅವನು ಪಟ್ಟು ಹಿಡಿದ. ಕೊನೆಗೆ ಅವಳು ಬ್ಲೇಡಿನ ಸಪಾಟಾದ, ಹೊಳೆಯುವ ಮೈಗೆ ವಿಭೂತಿ ಎಳೆದು ಕುಂಕುಮ ಇಟ್ಟಳು. ಮುಖದಲ್ಲಿ ಖುಷಿ. ಕಸ ಗುಡಿಸುವ ಲಕ್ಷ್ಮಮ್ಮ, ಹೂಡಿಯವಳೇ, ಮುಖ ಸಿಂಡರಿಸಿಕೊಂಡು ಕಡ್ಲೆಪುರಿಯನ್ನೂ ತೆಗೆದುಕೊಳ್ಳದೆ ಹೋದಳು.

ಹಬ್ಬ ಕಳೆದು ಮಿಷನ್ ಓಡಿತು. ಹುಲ್ಲು ನಾಯಿ ಎಳೆದಾಡಿದ ಚಾಪೆಯಂತಾಯಿತು. ತುದಿಗಳೆಲ್ಲ ಸೀಳಿ, ಒಣಗಿ ಬಿಳಿಚಿಕೊಂಡವು. ಲಕ್ಷ್ಮಮ್ಮ ಇದಕ್ಕೇ ಕಾದಿದ್ದಳೇನೋ.

"ಗಂಡ ಇಲ್ದೋಳ ಕೈಲಿ ಕುಂಕುಮ ಇಡ್ಸುದ್ರೆ ಇನ್ನೇನಾಯ್ತದೆ" ಅಂದಳು.

ನನಗೆ ಮೈ ಉರಿಯಿತು. ಮಲಕವ್ವ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ, ನಿಲ್ಲಲಿಲ್ಲ. ಅರವನ್ನು ತಂದು ನನ್ನ ಮೇಜಿನ ಮೇಲಿಟ್ಟು, ಇನ್ನು ಬ್ಲೇಡು ಮುಟ್ಟುವುದಿಲ್ಲ ಅಂತ ಹೇಳಿ ಕಳೆ ಕೀಳಲು ಹೋದಳು. ನಾನು ಏನೇನೋ ಸಮಾಧಾನ ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಇನ್ನೇನು ಮಾಡುವುದು, ಕೊಟ್ರಪ್ಪ ತಾನೇ ಹರಿತ ಮಾಡಲು ಮಿಷನ್ನನ್ನು ಪಕ್ಕಕ್ಕೆ ಮಗುಚಿದ. ಬ್ಲೇಡಿಗೆ ಕೈ ಹಾಕಿದವನು ಹಾಗೇ ಕೂತುಬಿಟ್ಟ. ಹರಿತದ ಅಂಚು ಹಿಂದಕ್ಕೆ ತಿರುಗಿತ್ತು. ಇಷ್ಟು ದಿನ ಬ್ಲೇಡು ತನ್ನ ಮೊಂಡು ಬೆನ್ನಿನಿಂದ ಹುಲ್ಲನ್ನು ಬಡಿದಿತ್ತು. ಹಬ್ಬದ ಮಾರನೆಯ ದಿನ ಅದನ್ನು ಕೂರಿಸಿದವನು ಅವನೇ. ನೆಲದ ಕಡೆ ಇರಬೇಕಾದದ್ದು ಕುಂಕುಮ ಇಟ್ಟ ಮೈ, ಅದನ್ನು ಮಣ್ಣಿನ ಕಡೆ ಮಾಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಕುಂಕುಮ ಮೇಲಿದೆಯೋ ಇಲ್ಲವೋ ಅಂತ ನೋಡಿದನೇ ಹೊರತು, ಅಂಚು ಎತ್ತ ಇದೆ ಅಂತ ನೋಡಿರಲಿಲ್ಲ.

ಟೀ ಹೊತ್ತು, ಎಲ್ಲರೂ ಹೊಂಗೆ ಮರದ ಕೆಳಗಿದ್ದರು. ಅವನು ನೇರ ಅಲ್ಲಿಗೇ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ.

"ತಂಗೀ, ಬ್ಲೇಡು ತಲೆಕೆಳಗ ಕುಂದ್ರಿಸೀನಿ. ತಪ್ಪು ನಂದು. ನಿನ್ನ ಕೈದೇನೂ ಇಲ್ಲ."

ಲಕ್ಷ್ಮಮ್ಮ ಟೀ ಲೋಟದಿಂದ ಮುಖ ಎತ್ತಲಿಲ್ಲ. ಅವಳಿಗೆ ಈಗ ಸರಿಯಾಗಿ ಬೀಳುತ್ತದೆ ಅಂತ ನಾನು ಒಳಗೊಳಗೇ ಕಾಯುತ್ತಿದ್ದೆ. ಮಲಕವ್ವ ಆ ಕಡೆ ನೋಡಲೂ ಇಲ್ಲ. ಅವಳ ಕಣ್ಣು ತುಂಬಿತ್ತು.

"ಆಕಿ ಬರೇ ಬಾಯಿಲೆ ಅಂದ್ಲು, ಯಣ್ಣಾ" ಅಂದಳು. "ನಾ ಖರೇನ ನಂಬಿಬಿಟ್ಟಿದ್ದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ಮಿಷನ್ನಿನ ಪಕ್ಕ ಕೂತು ಬೋಲ್ಟ್ ಬಿಚ್ಚಿ, ಬ್ಲೇಡನ್ನು ತಿರುಗಿಸಿ, ಕುಂಕುಮದ ಮೈಯನ್ನು ನೆಲಕ್ಕೆ ಮಾಡಿ ತಾನೇ ಬಿಗಿದಳು.